ನಾನು ಬರೆದ ಸೋದರಮಾವ

ನಮ್ಮದು ಮೂರೇ ಜನರ ಬ್ಯಾಂಡು. ಗಿಟಾರಿನವನು ಚರ್ಚಿನ ಹುಡುಗ. ಅವನ ಅತ್ತೆ ಭಾನುವಾರದ ಆರಾಧನೆಗೆ ಆರ್ಗನ್ ನುಡಿಸುತ್ತಿದ್ದರು. ಅವರ ಪಕ್ಕ ಕೂತು ಕೂತೇ ಅವನಿಗೆ ಸ್ವರ ಹತ್ತಿದ್ದು. ನಾನು ಹಾಡುತ್ತಿದ್ದೆ, ಬೇಸ್ ಗಿಟಾರೂ ನುಡಿಸುತ್ತಿದ್ದೆ. ಎರಡು ವರ್ಷ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗಿ, ಕಡೆಗೆ ಗುರುಗಳೇ "ಈ ಕಂಠಕ್ಕೆ ನನ್ನಿಂದ ಏನೂ ಮಾಡಕ್ಕಾಗಲ್ಲಪ್ಪಾ" ಅಂತ ಕೈಮುಗಿದು ಕಳಿಸಿದ ಮೇಲೆ ರಾಕ್ ಸಂಗೀತಕ್ಕೆ ಬಂದು ಬಿದ್ದವನು. ಡ್ರಮ್ಮರ್ ಎಲ್ಲಿ ಕಲಿತ ಅನ್ನುವುದು ಮಾತ್ರ ಬಹಳ ದಿನ ನಮಗೆ ಗೊತ್ತಿರಲಿಲ್ಲ. ಕೇಳಿದರೆ "ಮನೇಲೇ" ಅನ್ನುತ್ತಿದ್ದ. ಬಲಗೈಯ ಕೋಲನ್ನು ಕುಯ್ದು ಗಿಡ್ಡ ಮಾಡಿಕೊಂಡಿದ್ದ, ಎಡಗೈಯದನ್ನು ಚಾಕುವಿನಿಂದ ಹೆರೆದು ತೆಳ್ಳಗೆ ಮಾಡಿಕೊಂಡಿದ್ದ. ನಾವು ಅದೊಂದು ಸ್ಟೈಲು ಅಂದುಕೊಂಡಿದ್ದೆವು, ದಡ್ಡ ಶಿಖಾಮಣಿಗಳು.

ಎರಡು ಸಾವಿರದ ಇಸವಿಯ ಆಸುಪಾಸು. ವೆಸ್ಟ್ ಮಾಂಬಲಂನಲ್ಲಿ ನಮ್ಮ ಮನೆಯ ಮಹಡಿಯ ಮೇಲೆ ಶೀಟು ಹಾಕಿದ ಒಂದು ಕೋಣೆ ಇತ್ತು. ಡ್ರಮ್ ಸೆಟ್ಟು ಅಲ್ಲೇ ಇರುತ್ತಿತ್ತು, ಅಭ್ಯಾಸವೂ ಅಲ್ಲೇ. ನಾವು ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ, ಕನ್ನಡ ಮನೆಮಾತಿನ ವೈಷ್ಣವರು. ಅಪ್ಪ ಆಫೀಸಿನಿಂದ ಬಂದವರೇ ಮೆಟ್ಟಿಲ ಕೆಳಗೆ ನಿಂತು, "ಏನ್ರೋ ಇದು ಸತ್ತಂ, ಗಲಾಟೆ! ಪಕ್ಕದ್ಮನೆಯವರು ಪೊಲೀಸಿಗೆ ಹೇಳಿದ್ರೆ ಬಿಡಿಸೋಕೆ ನಾನ್ ಬರಲ್ಲ ನೋಡು" ಅಂತ ಕೂಗುತ್ತಿದ್ದರು. ಕೂಗಿದರೂ ಕಾಫಿ ಮೇಲಕ್ಕೆ ಬರುತ್ತಿತ್ತು. ಒಮ್ಮೆ ಅವರು ಡ್ರಮ್ಮರನನ್ನು ತಮಿಳಿನಲ್ಲಿ, "ಅಪ್ಪ ಏನ್ ಮಾಡ್ತಾರಪ್ಪಾ?" ಅಂತ ಕೇಳಿದ್ದರು. "ಮ್ಯೂಸಿಕ್ ಲೈನ್, ಸಾರ್" ಅಂದಿದ್ದ. ಅಪ್ಪನಿಗೆ ಅಷ್ಟು ಸಾಕಾಗಿತ್ತು. ಗಿಟಾರಿನವನಿಗೂ ಡ್ರಮ್ಮರನಿಗೂ ಕನ್ನಡ ಬಾರದು. ನಮ್ಮ ಮಾತೆಲ್ಲ ತಮಿಳಿನಲ್ಲೇ ನಡೆಯುತ್ತಿತ್ತು. ಇಲ್ಲಿ ನಾನು ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ಒಂದು ಶನಿವಾರ ಮಧ್ಯಾಹ್ನ ಅಭ್ಯಾಸದ ನಡುವೆ ಬೀದಿಯ ಕಡೆಯಿಂದ ತಮಟೆ ಕೇಳಿಸಿತು. ಕೆಳಗಿನಿಂದ ಅಮ್ಮನ ಗದ್ದಲ: "ಹೆಣ ಹೋಗ್ತಾ ಇದೆ, ನಿಲ್ಸ್ರೋ! ಜನ್ನಲ್ ಮುಚ್ಚಿ!" ನಮ್ಮಲ್ಲಿ ಹೆಣ ದಾಟುವವರೆಗೆ ಬೀದಿ ಬಾಗಿಲು ಹಾಕುವುದು, ದಾಟಿದ ಮೇಲೆ ಹೊಸಿಲಿಗೆ ನೀರು ಹಾಕುವುದು ರೂಢಿ. ನಾನು ಹೋಗಿ ಕಿಟಕಿ ಮುಚ್ಚಿದೆ. ತಿರುಗಿ ನೋಡಿದರೆ ಡ್ರಮ್ಮರ್ ತೊಡೆಯ ಮೇಲೆ ಬೆರಳು ಆಡಿಸುತ್ತ ಕಿವಿಗೊಟ್ಟು ಕೂತಿದ್ದಾನೆ.

"ಎರಡನೆಯವನು ಕುಡಿದಿದ್ದಾನೆ. ಹಿಂದೆ ಬೀಳ್ತಿದ್ದಾನೆ," ಅಂದ.

"ಮೊದಲನೆಯವನು?" ಅಂತ ತಮಾಷೆಗೆ ಕೇಳಿದೆ.

"ಅದು ನಮ್ಮಪ್ಪ."

ಗಿಟಾರಿನವನು ತಂತಿ ಬಿಗಿಯುವುದನ್ನು ನಿಲ್ಲಿಸಿದ. ತಮಟೆ ನಮ್ಮ ಮನೆ ಮುಂದೆ ಬಂತು, ಸ್ವಲ್ಪ ಹೊತ್ತು ಅಲ್ಲೇ ನಿಂತು ಬಾರಿಸಿತು, ಮುಂದೆ ಹೋಯಿತು. ಆಮೇಲೆ ಕೆಳಗೆ ಅಮ್ಮ ಚೆಂಬಿನಲ್ಲಿ ನೀರು ಚೆಲ್ಲಿದ್ದು ಸ್ಪಷ್ಟವಾಗಿ ಕೇಳಿಸಿತು. ಡ್ರಮ್ಮರನಿಗೂ ಕೇಳಿಸಿತು. ನಿಲ್ಲಿಸಿದ ಕಡೆಯಿಂದಲೇ ಹಾಡು ಎತ್ತಿಕೊಂಡೆವು, ಅವನು ಒಂದೇ ಒಂದು ಏಟು ತಪ್ಪಲಿಲ್ಲ.

ಆ ಸಂಜೆ ಸ್ಟೇಷನ್ ಹತ್ತಿರದ ಟೀ ಅಂಗಡಿಯಲ್ಲಿ ಅವನೇ ಹೇಳಿಕೊಂಡ. ಆರು ವರ್ಷಕ್ಕೇ ಅಪ್ಪನ ಹಿಂದೆ ಹೆಣದ ಮೆರವಣಿಗೆಯಲ್ಲಿ ನಡೆದವನು. ಬೀದಿ ಬದಿಯಲ್ಲಿ ಕಾಗದ, ಹುಲ್ಲು ಉರಿಸಿ ತಮಟೆಯ ಚರ್ಮ ಕಾಯಿಸುವುದು ಅವನ ಕೆಲಸ. ಒಂದು ಗಿಡ್ಡ ಕೋಲು, ಒಂದು ತೆಳುಕೋಲು ಅವನ ಕೈಗೆ ಬಂದದ್ದು ಅಲ್ಲಿಂದ. ಯಾವ ಮನೆಯಲ್ಲಿ ಎಳೆಯರು ಸತ್ತಿದ್ದಾರೆ, ಯಾವ ಮನೆಯಲ್ಲಿ ತುಂಬು ಬಾಳು ಬಾಳಿ ಹೋಗಿದ್ದಾರೆ ಅಂತ ನೋಡಿ ಅಪ್ಪ ತಾಳದ ನಡೆ ಬದಲಿಸುತ್ತಿದ್ದರಂತೆ. ನಾನು ಹೊಟ್ಟೆಕಿಚ್ಚು ಪಟ್ಟೆ, ಸುಳ್ಳೇಕೆ ಹೇಳಲಿ. ನಮ್ಮ ಮೂವರಲ್ಲಿ ನಿಜವಾದ ಗುರುವಿದ್ದವನು ಅವನೊಬ್ಬನೇ.

ಕೆಲವು ತಿಂಗಳಿಗೆ ಒಂದು ಕಾಲೇಜಿನ ಉತ್ಸವದಲ್ಲಿ ನಮಗೆ ಅವಕಾಶ ಸಿಕ್ಕಿತು. ಉತ್ಸವದ ಪುಸ್ತಿಕೆಗೆ ಫೋಟೊ ಕೊಡಬೇಕು, ಪ್ರತಿಯೊಬ್ಬರ ಸಂಗೀತದ ಹಿನ್ನೆಲೆ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆದು ಕೊಡಬೇಕು ಅಂದರು. ಇಂಗ್ಲಿಷಿನ ಜಂಭ ಇದ್ದವನು ನಾನು, ನಾನೇ ಕೂತೆ. ನನ್ನ ಎರಡು ವರ್ಷದ ಪಾಠವನ್ನು ಹತ್ತು ವರ್ಷ ಮಾಡಿದೆ. ಗಿಟಾರಿನವನ ಅತ್ತೆಯನ್ನು ಇದ್ದ ಹಾಗೇ ಬರೆದೆ. ಡ್ರಮ್ಮರನ ಹತ್ತಿರ ಬಂದಾಗ ಕೈ ನಿಂತಿತು. ಆ ಪುಸ್ತಿಕೆ ನಮ್ಮ ಮನೆಗೂ ಬರುತ್ತದೆ, ಅಪ್ಪ ಒಂದಕ್ಷರ ಬಿಡದೆ ಓದುತ್ತಾರೆ. ಓದಿದರೆ ಇವನು ಮತ್ತೆ ನಮ್ಮ ಮೆಟ್ಟಿಲು ಹತ್ತುವಂತಿಲ್ಲ. ಹಾಗಂತ ನನಗೆ ನಾನೇ ಹೇಳಿಕೊಂಡು, 'ಸಿನಿಮಾ ಸ್ಟುಡಿಯೊಗಳಲ್ಲಿ ತಾಳವಾದ್ಯ ನುಡಿಸುವ ಸೋದರಮಾವನಿಂದ ಬಾಲ್ಯದಲ್ಲೇ ಕಲಿತವನು' ಅಂತ ಬರೆದೆ. ಅವನಿಗೆ ಅಂಥ ಸೋದರಮಾವ ಇರಲೇ ಇಲ್ಲ.

ಬರೆದದ್ದನ್ನು ಅವನಿಗೆ ತೋರಿಸಿದೆ. ಎರಡು ಸಲ ಓದಿದ. "ಇರಲಿ ಬಿಡು ಮಚ್ಚಾ. ಅಪ್ಪನಿಗೆ ಓದೋಕೆ ಬರಲ್ಲ," ಅಂದ. ನಾನು ಅದನ್ನು ಒಪ್ಪಿಗೆ ಅಂದುಕೊಂಡು ನಿರಾಳವಾದೆ.

ಕಾರ್ಯಕ್ರಮ ಮಧ್ಯಾಹ್ನ ಮೂರಕ್ಕಿತ್ತು. ಅವನ ಅಪ್ಪ ಕೋಯಂಬೇಡಿನಿಂದ ಬಸ್ಸು ಹತ್ತಿ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಕುರ್ಚಿ ಖಾಲಿ ಇದ್ದರೂ ಕೂರದೆ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಮುಗಿದ ಮೇಲೆ ನನ್ನ ಹತ್ತಿರ ಬಂದು, "ನಾವು ಬಾರಿಸಿದ್ರೆ ಜನ ಅಳ್ತಾರೆ, ಇಲ್ಲಾ ಕುಡಿದು ಕುಣೀತಾರೆ ತಂಬಿ. ಚಪ್ಪಾಳೆ ಯಾರೂ ತಟ್ಟಲ್ಲ. ಇವತ್ತು ನನ್ನ ಮಗನಿಗೆ ತಟ್ಟಿದ್ರು," ಅಂದರು. ಆಮೇಲೆ ಪುಸ್ತಿಕೆ ಮುಂದೆ ಹಿಡಿದು ಮಗನ ಫೋಟೊ ಕೆಳಗೆ ಬೆರಳಿಟ್ಟರು.

"ಇವನ ಬಗ್ಗೆ ಏನೋ ಬರೆದಿದೆಯಂತಲ್ಲ. ಸ್ವಲ್ಪ ಓದಿ ಹೇಳು."

ಮಗ ಅಲ್ಲೇ ಮೈಕಿನ ವೈರು ಸುತ್ತುತ್ತಿದ್ದವನು ತಲೆ ಎತ್ತಲಿಲ್ಲ. ಇಂಗ್ಲಿಷಿನ ಸಾಲಿನ ಮೇಲೆ ಬೆರಳು ಓಡಿಸುತ್ತ ತಮಿಳಿನಲ್ಲಿ ಓದಿದೆ: "ತಂದೆಯಿಂದ ಕಲಿತವನು. ತಂದೆ ಈ ಊರಿನ ದೊಡ್ಡ ತಮಟೆಗಾರರು. ಅವರ ಹಿಂದೆ ನಡೆದು ನಡೆದೇ ಇವನ ಕೈ ತಯಾರಾದದ್ದು." ನಿಲ್ಲಿಸಬಹುದಿತ್ತು. ನಿಲ್ಲಿಸದೆ, ಸಾವಿನ ಮನೆ ನೋಡಿ ನಡೆ ಬದಲಿಸುವ ವಿಷಯವನ್ನೂ ಸೇರಿಸಿದೆ. ಓದುತ್ತಾ ಹೋದಂತೆ ಎಷ್ಟು ಚೆನ್ನಾಗಿ ಬಂತು ಅಂದರೆ, ಅದೇ ಅಲ್ಲಿ ಅಚ್ಚಾಗಿದೆ ಅಂತ ಒಂದು ಕ್ಷಣ ನನಗೇ ಅನಿಸಿತು.

"ನನ್ನ ವಿಷಯ ಯಾವ ಸಾಲಲ್ಲಿದೆ?" ಅಂದರು.

ಸೋದರಮಾವನ ಸಾಲನ್ನು ತೋರಿಸಿದೆ. ಅವರು ಅದನ್ನು ಬಹಳ ಹೊತ್ತು ನೋಡಿದರು, ಕಣ್ಣು ಒದ್ದೆಯಾಯಿತು. ಪುಸ್ತಿಕೆಯನ್ನು ಮಡಿಸದೆ, ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಬಸ್ಸಿಗೆ ಹೋದರು. ಆ ಹಾಳೆ ಬಿಡಿಸಿ ಚೌಕಟ್ಟು ಹಾಕಿಸಿದ್ದಾರೆ, ಮನೆಗೆ ಬಂದವರಿಗೆಲ್ಲ ಆ ಸಾಲನ್ನು ತೋರಿಸುತ್ತಾರೆ ಅಂತ ಮುಂದಿನ ವಾರ ಮಗ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಇನ್ನೆರಡು ವರ್ಷ ನುಡಿಸಿದೆವು. ಗಿಟಾರಿನವನು ದುಬೈಗೆ ಹೋದ, ನಾನು ಮದುವೆಯಾಗಿ ವೇಲಚೇರಿಯ ಫ್ಲ್ಯಾಟಿಗೆ ಬಂದೆ, ಡ್ರಮ್ಮರ್ ಮದುವೆಮನೆಗಳ ಆರ್ಕೆಸ್ಟ್ರಾ ಸೇರಿಕೊಂಡ. ಆಗಾಗ ಫೋನು ಮಾಡುತ್ತಿದ್ದೆವು. ದಶಕ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವನೇ ಕರೆ ಮಾಡಿ, "ಅಪ್ಪನಿಗೆ ಹುಷಾರಿಲ್ಲ. ನಿನ್ನ ನೋಡಬೇಕಂತೆ," ಅಂದ.

ಕೋಯಂಬೇಡು ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಒಂದೇ ಕೋಣೆಯ ಮನೆ. ಅವರು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು, ಅರ್ಧ ಆಳಾಗಿದ್ದರು. ಎದುರಿನ ಗೋಡೆಯಲ್ಲಿ ಚೌಕಟ್ಟು ಇತ್ತು. ಮೊಮ್ಮಗಳು ಇಂಗ್ಲಿಷ್ ಸ್ಕೂಲಿನ ಯೂನಿಫಾರಂ ಹಾಕಿಕೊಂಡು ನನ್ನನ್ನೇ ದಿಟ್ಟಿಸುತ್ತಿದ್ದಳು.

"ಇವಳು ಓದಿಬಿಟ್ಟಳು, ತಂಬಿ," ಅಂದರು. "ಮೂರು ಸಲ ಓದಿಸಿದೆ. ಮೂರು ಸಲವೂ ಮಾವನೇ ಬಂದ."

ಬೈಗುಳ ಬರುತ್ತದೆ ಅಂದುಕೊಂಡೆ. ಬರಲಿಲ್ಲ. "ನನ್ನ ಮುಂದೆ ನಿಂತು ಅಷ್ಟು ಚೆನ್ನಾಗಿ ಹೇಳಿದೆಯಲ್ಲಪ್ಪಾ. ಬಾಯಿಗೆ ಬಂದದ್ದು ಕೈಗೆ ಯಾಕೆ ಬರಲಿಲ್ಲ?"

ಅವರಿಗೆ ಇನ್ನೊಂದು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಇದ್ದದ್ದನ್ನು ಹೇಳಿದೆ. ನಮ್ಮಪ್ಪ ಓದುತ್ತಾರೆ ಅಂತ ಹೆದರಿದೆ. ಓದಿದ್ದರೆ ಇವನನ್ನು ಮನೆಗೆ ಸೇರಿಸುತ್ತಿರಲಿಲ್ಲ. ಇವನು ಬರದಿದ್ದರೆ ಬ್ಯಾಂಡು ಇರುತ್ತಿರಲಿಲ್ಲ. ನಾಚಿಕೆಯಿಂದ ಸತ್ತು ಹೋದಷ್ಟಾಯಿತು.

ಮಗ ಟೀ ತಂದು ನನ್ನ ಮುಂದೆ ಇಟ್ಟು ಅಲ್ಲೇ ನಿಂತ.

"ಇವನು ಮೂರು ನಾಲ್ಕು ವರ್ಷ ದಿನಾ ನಿಮ್ಮ ಮನೆಗೆ ಹೋಗ್ತಿದ್ದ. ನಿಮ್ಮಮ್ಮ ಕಾಫಿ ಕೊಡ್ತಾರೆ ಅಂತ ನಾನು ನಮ್ಮ ಬೀದಿಯಲ್ಲೆಲ್ಲ ಹೇಳ್ಕೊಂಡು ಬಂದೆ," ಅಂದರು ಅವರು. "ಆ ಕಾಫಿ ಕುಡಿದವನು ನೀನು ಬರೆದ ಆ ಮಾವನ ಅಳಿಯ. ನನ್ನ ಮಗ ನಿಮ್ಮ ಮನೆಗೆ ಬಂದೇ ಇಲ್ಲ, ತಂಬಿ."

ಮಗ 'ಹಾಗಲ್ಲಪ್ಪಾ' ಅನ್ನುತ್ತಾನೇನೋ ಅಂತ ಅವನ ಕಡೆ ನೋಡಿದೆ. ಅವನು ಅಪ್ಪನ ಕಾಲ ಬಳಿ ಕೂತು ಹೊದಿಕೆ ಸರಿಮಾಡಿದ.