ವಿಮಾನದ ಕೆಲಸಕ್ಕೆ ಹೂ ಹಚ್ಚಿದ್ದು

ಅಂಗಳ ಗುಡಿಸಿ ನೀರು ಹೊಡೆಯುವುದು, ರಂಗೋಲಿ ಎಳೆಯುವುದು. ಎರಡು ಎಮ್ಮೆಗಳ ಸೆಗಣಿ ಬಳಿಯುವುದು, ಕುಟ್ಟಿ ಮಷೀನಿಗೆ ಮೇವು ಕೊಟ್ಟು ಕತ್ತರಿಸುವುದು, ಹಾಲು ಹಿಂಡಿ ಡೇರಿಗೆ ಮುಟ್ಟಿಸುವುದು. ಹಂಡೆಗೆ ಉರಿ ಹಾಕಿ ಮಾವನಿಗೆ ನೀರು ಕಾಯಿಸುವುದು, ಗಂಡನಿಗೆ ಚಹಾ ಇಡುವುದು, ಹೊಲಕ್ಕೆ ಹೋಗುವ ಬುತ್ತಿಗೆ ಇಪ್ಪತ್ತು ರೊಟ್ಟಿ ಬಡಿಯುವುದು. ಜುಗೂಳದ ಗಿರಿಜವ್ವ ಇಷ್ಟನ್ನೂ ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಳ್ಳುವಾಗ ಕೃಷ್ಣೆಯ ಮೇಲೆ ಆಗಷ್ಟೇ ಬೆಳಕು ಮೂಡುತ್ತಿರುತ್ತದೆ. ಯಾವುದೋ ಸಮೀಕ್ಷೆಯವರು ಮನೆಗೆ ಬಂದಾಗ ಗಂಡ ಸಿದ್ದಲಿಂಗ ಅವಳ ಹೆಸರಿನ ಮುಂದೆ, "ಕೆಲಸ ಏನಿಲ್ರಿ, ಮನ್ಯಾಗ ಇರ್ತಾಳ" ಎಂದು ಬರೆಸಿದ್ದ. ಆಗ ಗಿರಿಜವ್ವ ಬಂದವರಿಗೆ ಚಹಾ ಸೋಸುತ್ತಿದ್ದಳು.

ಅವಳ ಎಡಗೈಯ ತೋರುಬೆರಳಿಗೆ ತುದಿಯಿಲ್ಲ. ಎಂಟು ವರ್ಷದ ಹಿಂದೆ ಕುಟ್ಟಿ ಮಷೀನು ಒಯ್ದಿತ್ತು. ಮೊಣಕೈ ಮೇಲಿನ ಕಲೆ ಕಾದ ಎಣ್ಣೆಯದು. ಮೇವು ಕೊಯ್ಯುವಾಗ ಕಬ್ಬಿನಲ್ಲಿ ಹಾವು ಕಂಡಿದ್ದನ್ನು ಅವಳು ಎಣಿಸುವುದನ್ನೇ ಬಿಟ್ಟಿದ್ದಾಳೆ.

ಅವಳ ಮಗಳು ದೀಪಾಲಿ ಅಥಣಿಯಲ್ಲಿ ಬಿ.ಕಾಂ. ಮುಗಿಸಿದವಳು. ಯಾರಿಗೂ ಹೇಳದೆ ಕೊಲ್ಲಾಪುರಕ್ಕೆ ಹೋಗಿ ಸಂದರ್ಶನ ಕೊಟ್ಟು, ವಿಮಾನದಲ್ಲಿ ಗಗನಸಖಿಯ ಕೆಲಸಕ್ಕೆ ಆಯ್ಕೆಯಾಗಿ ಬಂದಳು. ಶನಿವಾರ ಬೆಳಿಗ್ಗೆ ಮುಂಬೈಯಲ್ಲಿ ತರಬೇತಿಗೆ ಹಾಜರಾಗಬೇಕು, ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ. ಗುರುವಾರ ಸಂಜೆ ಪಡಸಾಲೆಯಲ್ಲಿ ಮನೆಯವರ ಪಂಚಾಯಿತಿ ಕೂತಿತು.

"ವಿಮಾನ ಬೀಳ್ತಾವು. ಟೀವ್ಯಾಗ ನೋಡೇನಿ" ಎಂದ ಅಜ್ಜ ಮುರಗೆಪ್ಪ. "ಇರಾಕಿ ಒಬ್ಬಾಕಿ ಮೊಮ್ಮಗಳು. ಬ್ಯಾಡ."

"ಅಜ್ಜಾ, ನೀ ಮೊನ್ನೆ ಸಕ್ಕರಿ ಫ್ಯಾಕ್ಟರಿಯಿಂದ ಹೆಂಗ ಬಂದಿ? ಟ್ರ್ಯಾಕ್ಟರಿನ ಗಾಲಿ ಮ್ಯಾಲಿನ ತಗಡಿನ ಮ್ಯಾಲೆ ಕುಂತು, ನಿದ್ದಿ ಮಾಡಕೋತ!"

"ಅದು ನೆಲದ ಮ್ಯಾಲೆ ಹೋಗತೈತೆಲೇ!"

"ಬಿದ್ದಿದ್ರ ನೆಲಕ್ಕ ಬೀಳ್ತಿದ್ದಿ."

ಮುರಗೆಪ್ಪನಿಗೆ ನಗು ಬಂತು, ಮೀಸೆಯಡಿ ತಡೆದುಕೊಂಡ. ಸಿದ್ದಲಿಂಗ ಗಂಭೀರವಾಗಿಯೇ ಕೇಳಿದ, "ಖರೇನ ಹೇಳು. ಆ ಕೆಲಸದಾಗ ಅಪಾಯ ಇಲ್ಲಂದ್ರ ಇಲ್ಲೇನು?"

ದೀಪಾಲಿ ಸುಳ್ಳು ಹೇಳಲಿಲ್ಲ. "ಐತಿ, ಅಪ್ಪಾ. ವಿಮಾನ ಬೀಳೂದು ಬಾಳ ಅಪರೂಪ. ದಿನಾ ಆಗೂವು ಬ್ಯಾರೆ. ಗಾಳಿಗೆ ಕುಲುಕಿದ್ರ ನಿಂತಾಕಿ ಬೀಳತಾಳ. ಕೈ ಮ್ಯಾಲೆ ಬಿಸಿ ಚಹಾ ಚೆಲ್ಲತೈತಿ. ಊಟದ ಗಾಡಿ ದೂಡಿ ದೂಡಿ ನಡಾ ಹಿಡೀತೈತಿ. ನೆಗಡಿ ಇದ್ದಾಗ ಹಾರಿದ್ರ ಕಿವಿ ಕೆಡತೈತಿ. ನಿದ್ದಿಗೆ ಹೊತ್ತು ಗೊತ್ತು ಇರೂದಿಲ್ಲ."

ಮಜ್ಜಿಗೆ ಕೇಳಲು ಬಂದು ಹೊಸ್ತಿಲಲ್ಲೇ ಕೂತಿದ್ದ ನೆರೆಮನೆಯ ಲಕ್ಷ್ಮಿಬಾಯಿ ಬಾಯಿ ಹಾಕಿದಳು. "ಅಯ್ಯ, ಇದು ನಮ್ಮ ಗಿರಿಜವ್ವನ ಕೆಲಸನ ಅಲ್ಲೇನ! ಅಲ್ಲಿ ಪಗಾರ ಕೊಡ್ತಾರ, ಅಷ್ಟ ಫರಕ."

"ಮತ್ತ ವಾರಕ್ಕೊಂದು ಸೂಟಿ" ಎಂದಳು ದೀಪಾಲಿ. "ಬೆಂಕಿ ಹತ್ತಿದ್ರ ಹೆಂಗ ಆರಸೂದು, ನೀರಾಗ ಇಳಿದ್ರ ಮಂದೀನ ಹೆಂಗ ಹೊರಗ ತರೂದು, ಎಲ್ಲಾ ಕಲಿಸಿದ ಮ್ಯಾಲೇ ವಿಮಾನ ಹತ್ತಸ್ತಾರ."

ಗಿರಿಜವ್ವ ಒಳಗಿನಿಂದ ಕೇಳಿಸಿಕೊಂಡಳು. ಅವಳಿಗೆ ಕುಟ್ಟಿ ಮಷೀನನ್ನು ಯಾರೂ ಕಲಿಸಿರಲಿಲ್ಲ. ಮದುವೆಯಾದ ಮೂರನೆಯ ದಿನ ಅತ್ತೆ ಗುಂಡಿ ತೋರಿಸಿ, "ಇದನ್ನ ಒತ್ತು" ಎಂದಿದ್ದರು. ಬೆರಳು ಹೋದಾಗ ಮನೆಯವರೆಲ್ಲ ಮರುಗಿದ್ದರು, ನಿಜ. ಅಪಾಯದ ಕೆಲಸ, ಬಿಡು ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಕಟ್ಟು ಬಿಚ್ಚಿದ ಮರುದಿನ ಎಮ್ಮೆಗಳು ಅವಳಿಗಾಗಿಯೇ ಒದರಿದ್ದವು.

ಮಾತು ಮುಗಿಯದಿದ್ದಾಗ ಆ ಮನೆಯಲ್ಲಿ ಒಂದು ರೂಢಿಯಿತ್ತು. ಬೋರು ಎಲ್ಲಿ ಹೊಡೆಸಬೇಕು, ಯಾವ ಎಮ್ಮೆ ಕೊಳ್ಳಬೇಕು ಎಂಬುದಕ್ಕೆಲ್ಲ ಮುರಗೆಪ್ಪ ಮನೆದೇವರಿಗೆ ಹೂ ಹಚ್ಚಿ ಕೇಳುತ್ತಿದ್ದ. ಈಗಲೂ ಮಿಂದು ಬಂದು ಎರಡು ಸೇವಂತಿಗೆಯನ್ನು ನೀರಲ್ಲಿ ಅದ್ದಿ ದೇವರ ಎರಡೂ ಭುಜಕ್ಕೆ ಅಂಟಿಸಿದ. "ನಸಿಕಿನ್ಯಾಗ ಬಲಗಡೆದು ಬಿದ್ದಿದ್ರ ಹೋಗಲಿ. ಎಡಗಡೆದು ಬಿದ್ದಿದ್ರ ಮನ್ಯಾಗ ಇರಲಿ."

"ಅಜ್ಜಾ, ಬಲಗಡೆದನ್ನ ಸ್ವಲ್ಪ ಸಡಿಲ ಹಚ್ಚು" ಎಂದಳು ದೀಪಾಲಿ.

"ಸುಮ್ಕಿರಲೇ, ಗದ್ಲಗಿತ್ತಿ!"

ಎಲ್ಲರೂ ನಕ್ಕರು. ಆದರೆ ದೀಪಾಲಿ ಊಟಕ್ಕೆ ಕೂತಾಗ ರೊಟ್ಟಿ ಮುರಿದಳೇ ಹೊರತು ತಿನ್ನಲಿಲ್ಲ. ಬ್ಯಾಗನ್ನು ಅರ್ಧ ತುಂಬಿ, ಬಾಯಿ ತೆರೆದೇ ಇಟ್ಟು ಮಲಗಿದಳು.

ಶುಕ್ರವಾರ ನಸುಕಿನಲ್ಲಿ ಗಿರಿಜವ್ವ ದೀಪ ಹಿಡಿದು ದೇವರ ಕೋಣೆಗೆ ಹೋದಳು. ಬಲಗಡೆಯ ಹೂವು ಹಚ್ಚಿದಲ್ಲೇ ಗಟ್ಟಿಯಾಗಿತ್ತು. ಎಡಗಡೆಯದು ಕೆಳಗೆ ಬಿದ್ದಿತ್ತು.

ಅವಳು ಹಾಗೇ ನಿಂತಳು. ಮಾವನ ಗೊರಕೆ ಪಡಸಾಲೆಯಿಂದ ಒಂದೇ ಸಮನೆ ಕೇಳುತ್ತಿತ್ತು. ಬಿದ್ದದ್ದನ್ನು ಎತ್ತಿ ಹಚ್ಚಿ, ಹಚ್ಚಿದ್ದನ್ನು ಬೀಳಿಸಿದರೆ ನೋಡುವವರು ಯಾರೂ ಇಲ್ಲ. ಕೈ ಮುಂದೆ ಹೋಗಿ, ಹೂವಿಗೆ ಬೆರಳು ತಾಕಿತು ಕೂಡ. ಮತ್ತೆ ಹಿಂದಕ್ಕೆ ತಂದುಕೊಂಡಳು.

ಇಪ್ಪತ್ತನಾಲ್ಕು ವರ್ಷದ ಹಿಂದೆ ತವರಿನಲ್ಲಿ ಅವಳ ಮದುವೆಗೂ ಹೂ ಹಚ್ಚಿದ್ದರು. ಹೂವನ್ನು ಕೇಳಿದ್ದರು, ಅವಳನ್ನು ಕೇಳಿರಲಿಲ್ಲ. ಈಗ ಕದ್ದು ಹೂ ಬದಲಿಸಿದರೆ ಮಗಳನ್ನು ಕಳಿಸಿದ್ದು ಮತ್ತೆ ಹೂವೇ ಆಗುತ್ತದೆ. ನಾಳೆ ಕೈ ಸುಟ್ಟುಕೊಂಡು ಬಂದರೂ, ನಡ ಹಿಡಿದುಕೊಂಡು ಬಂದರೂ, ಕಳಿಸಿದವಳು ನಾನು ಅನ್ನುವುದಕ್ಕೆ ಮನೆಯಲ್ಲಿ ಒಬ್ಬರಾದರೂ ಇರಬೇಕು.

ದೀಪ ಇಟ್ಟು ಕೈ ಮುಗಿದಳು. "ನಿಂದು ನೀ ಹೇಳಿದಿ ಯಪ್ಪಾ. ಸಿಟ್ಟಾಗಬ್ಯಾಡ. ನಂದು ನಾ ಹೇಳತೀನಿ."

ಹೂವನ್ನು ಬಿದ್ದಲ್ಲೇ ಬಿಟ್ಟು ಹೋಗಿ ಮಗಳ ಹೊದಿಕೆ ಎಳೆದಳು. "ಏಳ ಬೇ. ಆರರ ಬಸ್ಸಿಗೆ ಹೋದ್ರ ಮಿರಜಿನ್ಯಾಗ ಮುಂಬೈ ಗಾಡಿ ಸಿಗತೈತಿ."

ದೀಪಾಲಿ ಗಕ್ಕನೆ ಎದ್ದು ಕೂತಳು. "ಬಲಕ್ಕ ಬಿತ್ತೇನವ್ವಾ?"

"ಎಡಕ್ಕ ಬಿದ್ದೈತಿ."

"ಮತ್ತ?"

"ಮತ್ತೇನು, ಬ್ಯಾಗ ತುಂಬು" ಎಂದಳು ಗಿರಿಜವ್ವ. "ನಿಮ್ಮಜ್ಜನ್ನ ನಾ ಎಬ್ಬಿಸಿ ಹೇಳತೀನಿ. ಹೂ ಬ್ಯಾಡ ಅಂತು, ನಾ ಹೂಂ ಅಂದೇನಿ ಅಂತ."

ಪಡಸಾಲೆಯ ದೀಪ ಹಾಕಿ, ಮುರಗೆಪ್ಪನ ಹಾಸಿಗೆಯ ಬಳಿ ಹೋಗಿ ಅವಳು ಗಟ್ಟಿಯಾಗಿಯೇ ಕರೆದಳು. "ಮಾವಾರ, ಏಳ್ರಿ."