ಮೋಡದಣ್ಣ ಹೋದ ಮೇಲಿನ ಶನಿವಾರಗಳು

ಬೆಳಕು ಇನ್ನೂ ಕಿಟಕಿಯ ಸರಳಿಗೆ ತಾಗಿಲ್ಲ. ಮೂರನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಕಂಪ್ಯೂಟರಿನ ಎದುರು ಕೂತ ಹೆಂಗಸು ನೀರಿನ ಲೋಟವನ್ನು ಬಲಗಡೆಯಿಂದ ಎಡಗಡೆಗೆ ಇಡುತ್ತಾರೆ, ಸ್ವಲ್ಪ ಹೊತ್ತಿಗೆ ಮತ್ತೆ ಬಲಗಡೆಗೆ. ಕುಡಿಯುವುದಿಲ್ಲ. ಮೈಕು ಸರಿಯಿದೆಯೇ ಎಂದು ಮೆಲ್ಲಗೆ "ಹಲೋ, ಹಲೋ" ಅನ್ನುತ್ತಾರೆ. ಬಟ್ಟೆಯ ಪರದೆಯ ಆಚೆ ಮಲಗಿದ ಅತ್ತೆಗೆ ಎಚ್ಚರವಾಗುತ್ತದೆ.

"ಯಾರೇ ಅದು, ಬಾಗಿಲಲ್ಲಿ?"

"ಯಾರೂ ಇಲ್ಲ ಅತ್ತೆ. ನಾನೇ. ಮಲಕ್ಕೊಳ್ಳಿ."

ಆಮೇಲೆ ತಮ್ಮ ಬಗ್ಗೆ ಬರೆಯಲು ಬಂದ ನನ್ನ ಕಡೆ ತಿರುಗಿ ಎರಡೂ ಅಂಗೈ ಚಾಚಿ ತೋರಿಸುತ್ತಾರೆ. ಬೆವೆತು ಹೊಳೆಯುತ್ತಿವೆ. "ನೋಡಿ, ಪ್ರತಿ ಶನಿವಾರ ಹೀಗೇ. ಇನ್ನು ಅರ್ಧ ಗಂಟೆಗೆ ಕ್ಲಾಸು. ಇವತ್ತು ನೀವು ಬೇರೆ ಬಂದು ಕೂತಿದ್ದೀರಿ."

ಇವರನ್ನು ಎಲ್ಲರೂ ಕರೆಯುವುದು ಗೋಡೆಯಕ್ಕ ಎಂದು. ವಿಡಿಯೊ ಗೇಮ್ ತಯಾರಿಸುವ ಕಂಪನಿಯೊಂದರಲ್ಲಿ ಗೋಡೆ ಬರೆಯುವುದು ಇವರ ಉದ್ಯೋಗ. ಆಟದಲ್ಲಿ ವೀರರು ಕತ್ತಿ ಹಿರಿದು ಓಡುತ್ತಾರಲ್ಲ, ಆಗ ಅಕ್ಕಪಕ್ಕದಲ್ಲಿ ಸರಿದುಹೋಗುವ ಗೋಡೆಗಳು, ಮೆಟ್ಟಿಲುಗಳು, ಬಿರುಕು ಬಿಟ್ಟ ಕಂಬಗಳು ಇವರ ಕೈಯವು. ಆಡುವವರು ಅವುಗಳತ್ತ ಕಣ್ಣು ಹಾಯಿಸುವುದೂ ಇಲ್ಲ. "ದಿನವಿಡೀ ಗೋಡೆ ಬಳೀತಾಳೆ, ಮನೆ ಗೋಡೆಗೆ ಬಣ್ಣ ಕಂಡು ಎಷ್ಟು ವರ್ಷ ಆಯ್ತೋ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರಂತೆ. ಲಿಫ್ಟ್ ರಿಪೇರಿ ಮಾಡುವ ಗಂಡ ಅದಕ್ಕೆ ನಗುತ್ತಾರೆಯೇ ಹೊರತು ಬಣ್ಣದ ಡಬ್ಬ ತರುವುದಿಲ್ಲ.

ಆದರೆ ಶನಿವಾರದ ಈ ಕ್ಲಾಸು ಗೋಡೆಯದಲ್ಲ. ಇದು ಮೋಡದಣ್ಣನದು.

ಗೇಮ್ ಆಡುವವರಿಗೆ ಆ ಹೆಸರು ಹೇಳಬೇಕಾಗಿಲ್ಲ. ಅವರು ಬರೆದ ಆಕಾಶಗಳಿಗಾಗಿಯೇ ಆಟ ಕೊಂಡವರಿದ್ದಾರೆ. ಶತ್ರು ಬೆನ್ನಟ್ಟಿ ಬರುತ್ತಿದ್ದರೂ ಸಂಜೆಯ ಮೋಡ ನೋಡುತ್ತ ನಿಂತು ಸೋತವರಿದ್ದಾರೆ. ಇಂದು ಈ ಕಸುಬಿನಲ್ಲಿರುವ ಎಷ್ಟೋ ಮಂದಿ "ಅವರ ಆಕಾಶ ನೋಡಿಯೇ ನಾನು ಪೆನ್ಸಿಲ್ ಹಿಡಿದೆ" ಅನ್ನುತ್ತಾರೆ. ಅಷ್ಟು ದೊಡ್ಡ ಹೆಸರಿನ ಮನುಷ್ಯ ಪ್ರತಿ ಶನಿವಾರ ಬೆಳಿಗ್ಗೆ ಬಿಟ್ಟಿಯಾಗಿ ಕ್ಲಾಸು ತೆಗೆಯುತ್ತಿದ್ದರು. ಎಲ್ಲೆಲ್ಲಿಂದಲೋ ಹೊಸಬರು ಕಂಪ್ಯೂಟರಿನಲ್ಲಿ ಬಂದು ಸೇರುತ್ತಿದ್ದರು, ತಾವು ಬರೆದದ್ದನ್ನು ತೋರಿಸುತ್ತಿದ್ದರು. ಕ್ಲಾಸಿನ ಬಾಗಿಲು ತೆರೆಯುವುದು, ಚಿತ್ರಗಳನ್ನು ಸರದಿಯಲ್ಲಿ ಜೋಡಿಸುವುದು, ಯಾರ ಮನೆಯ ಕುಕ್ಕರ್ ಕೂಗಿದರೆ ಅವರ ಮೈಕು ಮುಚ್ಚುವುದು, ಇಷ್ಟೂ ಗೋಡೆಯಕ್ಕನ ಕೆಲಸ. ಒಂಬತ್ತು ವರ್ಷ ಮಾಡಿದರು. ಒಮ್ಮೆಯೂ ಬಾಯಿ ತೆರೆಯಲಿಲ್ಲ.

"ಮಾತಾಡೋರು ಅವರಿದ್ರಲ್ಲ. ನನಗೆ ಹಿಂದೆ ಇರೋದೇ ಹಿತ."

ಮೋಡದಣ್ಣನ ಪರಿಚಯವಾದದ್ದು ಕೆಲಸ ಕೇಳಲು ಹೋದ ದಿನ. ಅದಕ್ಕೆ ಮುಂಚೆ ಗೋಡೆಯಕ್ಕ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಔಷಧಿ ಡಬ್ಬಿಗಳ ಮೇಲಿನ ಚಿತ್ರ ಬರೆಯುತ್ತಿದ್ದರು. ಪ್ರೆಸ್ಸು ಮುಚ್ಚಿತು. ಹಳೆಯ ಡಬ್ಬಿಗಳನ್ನೇ ಚೀಲಕ್ಕೆ ತುಂಬಿಕೊಂಡು ಗೇಮ್ ಕಂಪನಿಗೆ ಹೋದರು. ಸಂದರ್ಶನಕ್ಕೆ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೋಡದಣ್ಣ ಮಾತ್ರ ಕೆಮ್ಮಿನ ಔಷಧಿಯ ಡಬ್ಬಿಯೊಂದನ್ನು ಎತ್ತಿಕೊಂಡು, ಕೆಮ್ಮುತ್ತಿರುವ ಗಂಡಸಿನ ಹಿಂದಿನ ಗೋಡೆಗೆ ಬೆರಳಿಟ್ಟು ಕೇಳಿದರು: "ಈ ಗೋಡೆ ಯಾಕಮ್ಮ ಒದ್ದೆಯಾಗಿದೆ?"

"ಕೆಮ್ಮೋನ ಮನೆ ಅಲ್ವಾ ಸರ್, ತೇವ ಇದ್ದೇ ಇರುತ್ತೆ ಅಂದೆ. ಅವರು ನಗಲಿಲ್ಲ. ಸೋಮವಾರದಿಂದ ಬಾ ಅಂದ್ರು."

ಅಂದಿನಿಂದ ಅವರು ಬರೆದ ಆಕಾಶದ ಕೆಳಗೆ ಇವರ ಗೋಡೆ.

ಹೋದ ಚಳಿಗಾಲದ ಒಂದು ಗುರುವಾರ ಮೋಡದಣ್ಣ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದವರು ನಡುವೆಯೇ ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಶುಕ್ರವಾರ ಮಣ್ಣು ಮಾಡಿ ಬಂದರು. ಶನಿವಾರ ಬೆಳಗಾಗುವ ಮುಂಚೆ ಗೋಡೆಯಕ್ಕ ಈಗ ಕೂತಿರುವ ಇದೇ ಜಾಗದಲ್ಲಿ ಕೂತು, ಕ್ಲಾಸು ತೆರೆಯಲೋ ಬೇಡವೋ ಎಂದು ಒದ್ದಾಡುತ್ತಿದ್ದರು. ಸುದ್ದಿ ಇನ್ನೂ ಎಲ್ಲರಿಗೂ ತಲುಪಿರಲಿಲ್ಲ. ಅಷ್ಟರಲ್ಲಿ ಫೋನು ಬಂತು. ಮೋಡದಣ್ಣನ ಹೆಂಡತಿ.

"ಅತ್ತಿಗೆ ಅಳ್ತಾ ಇರಲಿಲ್ಲ. ಇವತ್ತು ಕ್ಲಾಸ್ ಇದೆಯಲ್ಲ, ತೆಗಿ, ಪಾಪ ಕಾಯ್ತಾ ಇರ್ತಾರೆ ಅಂದ್ರು. ಅತ್ತಿಗೆ, ನನ್ನ ಕೈಲಿ ಆಗಲ್ಲ ಅಂದೆ. ನನ್ನ ಕೈಲೂ ಆಗ್ತಿಲ್ಲ, ಆದ್ರೂ ಎದ್ದು ಕೂತಿದ್ದೀನಲ್ಲ ಅಂದ್ರು."

ತೆರೆದರು. ಪರದೆಯ ಮೇಲೆ ಪುಟ್ಟ ಪುಟ್ಟ ಚೌಕಗಳಲ್ಲಿ ಮುಖಗಳು ಒಂದೊಂದಾಗಿ ಮೂಡಿದವು. "ಗುಡ್ ಮಾರ್ನಿಂಗ್ ಅಣ್ಣ" ಎಂದು ಯಾರೋ ಕೂಗಿದರು. ಗೋಡೆಯಕ್ಕ ಮೊದಲ ಸಲ ತಮ್ಮ ಮೈಕು ತೆರೆದು, "ಅಣ್ಣ ಬರಲ್ಲ. ಅಣ್ಣ ಹೋಗಿಬಿಟ್ರು" ಅಂದರು. ಹೊಸದಾಗಿ ಸೇರಿದ್ದ ನರ್ಸ್ ಒಬ್ಬಳು ಹಿಂಜರಿಯುತ್ತ ಕೇಳಿದಳು: "ತಪ್ಪು ತಿಳ್ಕೋಬೇಡಿ ಮೇಡಂ. ಇವತ್ತು ನನ್ನ ಸರದಿ ಇತ್ತು. ನನ್ನ ಚಿತ್ರ ಇನ್ಮೇಲೆ ಯಾರು ನೋಡ್ತಾರೆ?"

"ನಾನೇ ನೋಡ್ತೀನಿ ಅಂದುಬಿಟ್ಟೆ. ಬಾಯಿತಪ್ಪಿ ಬಂತು. ಆಡಿದ ಮಾತು, ಒಡೆದ ಮುತ್ತು. ಇನ್ನೇನು ಮಾಡೋದು?"

ಅಂದಿನಿಂದ ಶುಕ್ರವಾರ ಸಂಜೆಯಾದರೆ ಗೋಡೆಯಕ್ಕನಿಗೆ ಅನ್ನ ಸೇರುವುದಿಲ್ಲ. ಮನುಷ್ಯರ ಮುಖ, ಕುದುರೆಯ ಕಾಲು, ನದಿಯ ನೀರು, ಎಲ್ಲದರ ಚಿತ್ರಗಳೂ ಬರುತ್ತವೆ. "ನನಗೆ ಗೊತ್ತಿರೋದು ಕಲ್ಲು, ಗಾರೆ. ಕುದುರೆ ಕಾಲಿನ ಬಗ್ಗೆ ನಾನೇನು ಹೇಳ್ಲಿ? ಗೊತ್ತಿಲ್ಲ ಅಂದ್ರೆ ಇವಳಿಗೇನು ಬರುತ್ತೆ ಅಂತಾರೆ. ಗೊತ್ತಿದ್ದೋರ ಹಾಗೆ ಆಡಿದ್ರೆ ಒಂದಲ್ಲ ಒಂದು ದಿನ ಸಿಕ್ಕಿಬೀಳ್ತೀನಿ." ಆಫೀಸಿನಲ್ಲೂ ನೆಮ್ಮದಿಯಿಲ್ಲ. ಮೋಡದಣ್ಣ ಅರ್ಧಕ್ಕೆ ಬಿಟ್ಟ ಆಕಾಶವನ್ನು ಮುಗಿಸುವ ಹೊಣೆ ಇಬ್ಬರು ಹೊಸಬರ ಮೇಲೆ ಬಿದ್ದಿದೆ. ಇಬ್ಬರೂ ಇದೇ ಶನಿವಾರದ ಕ್ಲಾಸಿನಲ್ಲಿ ಕಲಿತು ಕೆಲಸಕ್ಕೆ ಸೇರಿದವರು. ಅವರು ಗಳಿಗೆಗೊಮ್ಮೆ ಬಂದು "ಅಕ್ಕ, ಅಣ್ಣ ಇದ್ದಿದ್ರೆ ಇದಕ್ಕೆ ಒಪ್ತಿದ್ರಾ?" ಎಂದು ಕೇಳುತ್ತಾರೆ. ಹೂಂ ಅನ್ನಲೂ ಭಯ, ಊಹೂಂ ಅನ್ನಲೂ ಭಯ.

ಭಯಪಟ್ಟದ್ದು ಒಂದು ತಿಂಗಳ ಹಿಂದೆ ನಿಜವೂ ಆಯಿತು.

ಕ್ಲಾಸಿನಲ್ಲಿ ಲಾರಿ ರಿಪೇರಿ ಗ್ಯಾರೇಜು ನಡೆಸುವ ಒಬ್ಬರಿದ್ದಾರೆ. ತಲೆ ನರೆತವರು. ಮೊಮ್ಮಗಳು ಆಡುತ್ತಿದ್ದ ಗೇಮಿನಲ್ಲಿ ಮೋಡದಣ್ಣನ ಆಕಾಶ ನೋಡಿ, ಆ ವಯಸ್ಸಿನಲ್ಲಿ ಚಿತ್ರ ಬರೆಯುವ ಎಲೆಕ್ಟ್ರಾನಿಕ್ ಹಲಗೆ ಕೊಂಡವರು. ಎಲ್ಲರೂ ಅವರನ್ನು ಗ್ಯಾರೇಜ್ ಯಜಮಾನ್ರು ಅನ್ನುತ್ತಾರೆ. ಆ ದಿನ ಅವರು ಒಂದು ಮರ ಬರೆದು ತಂದಿದ್ದರು. ಅದಕ್ಕೆ ಮುಂಚೆ ಹದಿನೈದು ಚಿತ್ರಗಳನ್ನು ನೋಡಿ ದಣಿದಿದ್ದ ಗೋಡೆಯಕ್ಕ, "ಮರ ಸತ್ತ ಹಾಗಿದೆ ಯಜಮಾನ್ರೇ, ಜೀವ ಇಲ್ಲ, ಇನ್ನೊಂದ್ಸಲ ಬರೀರಿ" ಎಂದು ಮುಂದಿನ ಚಿತ್ರಕ್ಕೆ ಹೋದರು. ತಿರುಗಿ ನೋಡುವಷ್ಟರಲ್ಲಿ ಯಜಮಾನರ ಚೌಕ ಪರದೆಯ ಮೇಲಿರಲಿಲ್ಲ.

ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಫೋನು ಮಾಡಿದರೆ ಎತ್ತಲಿಲ್ಲ. "ಆ ಹಲಗೇನ ಮಾರಿಬಿಡ್ತೀನಿ ಅಂತಿದ್ರು" ಎಂದು ನರ್ಸ್ ಹೇಳಿದಾಗ ಗೋಡೆಯಕ್ಕ ಅತ್ತುಬಿಟ್ಟರು. "ಅಣ್ಣ ಇಷ್ಟು ವರ್ಷ ಒಬ್ಬೊಬ್ಬರನ್ನೇ ಕೂಡಿಸಿದ್ರು. ನಾನು ಒಂದೇ ಮಾತಲ್ಲಿ ಒಬ್ಬರನ್ನ ಓಡಿಸಿಬಿಟ್ಟೆ. ನನ್ನ ನಾಲಿಗೆಗೆ ಏನು ಬಂದಿತ್ತೋ." ಗಂಡ ಸಮಾಧಾನ ಹೇಳಿದರು. ಅತ್ತೆ, "ಒಂದು ಮರಕ್ಕೆ ಇಷ್ಟು ಅಳ್ತೀಯಾ? ಕಾಡೇ ಕಡಿದೋರು ಹೊದ್ದು ಮಲಗಿದ್ದಾರೆ" ಅಂದರು. ಯಾವುದೂ ನಾಟಲಿಲ್ಲ. ಕ್ಲಾಸು ನಿಲ್ಲಿಸುತ್ತೇನೆ ಎಂದು ಹೇಳಲು ಮೋಡದಣ್ಣನ ಮನೆಗೇ ಹೋದರು.

"ಅತ್ತಿಗೆ ಚಹಾ ಕೊಟ್ರು. ನಿಲ್ಲಿಸಬೇಕು ಅಂದ್ರೆ ನಿಲ್ಲಿಸು, ನಾನು ಬೇಡ ಅನ್ನಲ್ಲ ಅಂದ್ರು. ಆಮೇಲೆ ಹೇಳಿದ್ರು, ಕ್ಯಾಮೆರಾ ಮುಚ್ಚಿಕೊಂಡು ಒಂದು ಚೌಕ ಸುಮ್ನೆ ಕೂತಿರುತ್ತಲ್ಲ, ಅದು ನಾನೇ ಕಣೇ ಅಂತ. ಶನಿವಾರ ಬೆಳಿಗ್ಗೆ ಈ ಮನೇಲಿ ಯಾರಾದ್ರೂ ಬಣ್ಣದ ವಿಷಯ ಮಾತಾಡ್ತಿರಬೇಕು, ಇಷ್ಟು ವರ್ಷದ ರೂಢಿ, ಇಲ್ಲದಿದ್ರೆ ನನಗೆ ಹಾಸಿಗೆಯಿಂದ ಏಳೋಕೇ ಆಗಲ್ಲ ಅಂದ್ರು."

ಗೋಡೆಯಕ್ಕ ಚಹಾ ಕುಡಿದು ವಾಪಸ್ಸು ಬಂದರು. ಕ್ಲಾಸು ನಿಲ್ಲಲಿಲ್ಲ. ಭಯವೂ ಹೋಗಲಿಲ್ಲ.

ಈಗ ಏಳು ಗಂಟೆ. ಚೌಕಗಳು ಮೂಡತೊಡಗುತ್ತವೆ. ನರ್ಸ್ ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯ ಬಟ್ಟೆಯಲ್ಲೇ ಕೂತಿದ್ದಾಳೆ. ಕತ್ತಲೆಯ ಒಂದು ಚೌಕ ಮೂಲೆಯಲ್ಲಿದೆ. ಅದು ಯಾರೆಂದು ಈಗ ನನಗೂ ಗೊತ್ತು. ನಾಲ್ಕೈದು ಚಿತ್ರಗಳಾದ ಮೇಲೆ ಗೋಡೆಯಕ್ಕ ತಟ್ಟನೆ ನನ್ನ ತೋಳು ಹಿಡಿದುಕೊಳ್ಳುತ್ತಾರೆ. ಪರದೆಯ ಕೆಳಗಡೆ ಗ್ರೀಸು ಮೆತ್ತಿದ ಗೋಡೆಯ ಮುಂದೆ ನರೆತ ತಲೆಯೊಂದು ಕಾಣಿಸಿಕೊಂಡಿದೆ.

"ಯಜಮಾನ್ರೇ," ಗೋಡೆಯಕ್ಕ ಶುರುಮಾಡುತ್ತಾರೆ. "ಅವತ್ತು ನಾನು..."

"ಮೊದಲು ನಾನು ಹೇಳ್ತೀನಿ ತಾಯಿ. ನನಗೆ ಸಿಟ್ಟು ಬಂದಿತ್ತು. ಲಾರಿ ಕೆಲಸಾನೂ ಬಿದ್ದಿತ್ತು, ಸುಳ್ಳು ಹೇಳಲ್ಲ, ಆದ್ರೆ ಸಿಟ್ಟೇ ಜಾಸ್ತಿ. ನೀವು ಮರ ಸತ್ತ ಹಾಗಿದೆ ಅಂದ್ರಿ."

"ಅಂದೆ. ತಪ್ಪಾಯ್ತು."

"ಅದು ಸತ್ತ ಮರಾನೇ ಕಣಮ್ಮ! ನಮ್ಮ ಗ್ಯಾರೇಜ್ ಮುಂದೆ ಇತ್ತು. ನಮ್ಮಪ್ಪ ಅದರ ನೆರಳಲ್ಲೇ ಮೊದಲನೇ ಲಾರಿ ಬಿಚ್ಚಿದ್ದು. ಒಣಗಿಹೋಯ್ತು. ಕಡಿಯೋಕೆ ಮುಂಚೆ ಬರೆದಿಟ್ಕೊಳ್ಳೋಣ ಅಂತ ಬರೆದೆ. ಸತ್ತಿರೋದು ಸತ್ತ ಹಾಗೇ ಬಂದಿದೆ, ಭೇಷ್ ಅಂತೀರಿ ಅಂದ್ಕೊಂಡು ತಂದ್ರೆ, ಜೀವ ಇಲ್ಲ, ಇನ್ನೊಂದ್ಸಲ ಬರಿ ಅಂದ್ರಿ!"

ಮೊದಲು ನಕ್ಕದ್ದು ನರ್ಸ್. ಆಮೇಲೆ ಚೌಕಗಳಲ್ಲೆಲ್ಲ ನಗು ಹಬ್ಬುತ್ತದೆ. ಗೋಡೆಯಕ್ಕ ನಗುತ್ತಿದ್ದಾರೋ ಅಳುತ್ತಿದ್ದಾರೋ ಪಕ್ಕದಲ್ಲಿ ಕೂತ ನನಗೂ ತಿಳಿಯುವುದಿಲ್ಲ.

"ಅಣ್ಣ ಆಗಿದ್ರೆ ಮೊದಲು ಕೇಳ್ತಿದ್ರು," ಯಜಮಾನರು ದನಿ ತಗ್ಗಿಸುತ್ತಾರೆ. "ಏನು ಬರೆಯೋಕೆ ಹೊರಟಿದ್ರಿ ಅಂತ. ಕೇಳಿ, ಆಮೇಲೆ ಬೈತಿದ್ರು."

"ಹೌದು, ಕೇಳ್ತಿದ್ರು. ಕೆಲಸ ಕೇಳೋಕೆ ಹೋದ ದಿನ ನನ್ನನ್ನೂ ಹಾಗೇ ಕೇಳಿದ್ರು. ಭಯದಲ್ಲಿ ನನಗೆ ಅದೇ ಮರೆತುಹೋಯ್ತು." ಗೋಡೆಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಮೈಕಿನ ಹತ್ತಿರ ಬಾಗುತ್ತಾರೆ. "ಯಜಮಾನ್ರೇ, ಆ ಹಲಗೆ ಮಾರಿಬಿಟ್ರಾ?"

"ಯಾರು ತಗೋತಾರೆ? ತುಂಬ ಗ್ರೀಸು."

ಅಷ್ಟು ಹೊತ್ತು ಕತ್ತಲಾಗಿದ್ದ ಮೂಲೆಯ ಚೌಕದಿಂದ ಸಣ್ಣದೊಂದು ನಗು ಕೇಳಿಸುತ್ತದೆ. ಯಾರದೆಂದು ಯಾರೂ ಕೇಳುವುದಿಲ್ಲ. ಗೋಡೆಯಕ್ಕ ಮುಂದಿನ ಚಿತ್ರ ತೆರೆಯುತ್ತಾರೆ. ಒಂದು ದೋಣಿ, ವಾಲಿಕೊಂಡಿದೆ. ಒಂದು ಗುಟುಕು ನೀರು ಕುಡಿದು, "ಏನು ಬರೆಯೋಕೆ ಹೊರಟಿದ್ರಿ?" ಎಂದು ಕೇಳುತ್ತಾರೆ.

ಕ್ಲಾಸು ಮುಗಿದಾಗ ಬಿಸಿಲು ಮೇಜಿನ ಮೇಲಿದೆ. ಅತ್ತೆ ಎದ್ದು ಒಲೆ ಹಚ್ಚಿದ್ದಾರೆ. ಭಯ ಕಡಿಮೆಯಾಯಿತೇ ಎಂದು ಕೇಳುತ್ತೇನೆ. "ಇವತ್ತಿಂದು ಮುಗೀತು. ಮುಂದಿನ ಶನಿವಾರದ್ದು ಈಗ ಶುರು" ಅನ್ನುತ್ತಾರೆ. ಹೊರಡಲು ಚಪ್ಪಲಿ ಮೆಟ್ಟಿಕೊಳ್ಳುವಾಗ, "ಒಂದು ತೋರಿಸ್ಲಾ? ಯಾರಿಗೂ ತೋರಿಸಿಲ್ಲ" ಎಂದು ಫೋನು ಮುಂದೆ ಹಿಡಿಯುತ್ತಾರೆ.

ಮೋಡದಣ್ಣ ತೀರಿಕೊಂಡ ಸುದ್ದಿ ಎಲ್ಲರಿಗೂ ತಲುಪಿದ ಸಂಜೆಯ ಚಿತ್ರ ಅದು. ಅವರ ಹಳೆಯ ಗೇಮೊಂದರಲ್ಲಿ ಒಂದು ಗುಡ್ಡವಿದೆ. ಆಡುವವರೆಲ್ಲ ಆಟ ಬಿಟ್ಟು, ತಂತಮ್ಮ ವೀರರನ್ನು ಆ ಗುಡ್ಡಕ್ಕೆ ನಡೆಸಿ ತಂದಿದ್ದಾರೆ. ಕತ್ತಿಗಳನ್ನು ನೆಲಕ್ಕೆ ಇಟ್ಟಿದ್ದಾರೆ. ಮೇಲೆ ಮೋಡದಣ್ಣನ ಕೆಂಪು ಆಕಾಶ. ಗುಡ್ಡದ ತುದಿಯಲ್ಲಿ ಹಾಳು ಕೋಟೆಯ ಉದ್ದನೆಯ ಮೋಟು ಗೋಡೆ. ಅದರ ಮೇಲೆ ಈ ತುದಿಯಿಂದ ಆ ತುದಿಯವರೆಗೆ, ಒಬ್ಬರಿಗೊಬ್ಬರು ಒತ್ತಿಕೊಂಡು, ನೂರಾರು ಮಂದಿ ಕೂತಿದ್ದಾರೆ.

"ಆ ಗೋಡೆ ನಂದು," ಗೋಡೆಯಕ್ಕ ತಗ್ಗಿದ ದನಿಯಲ್ಲಿ ಹೇಳುತ್ತಾರೆ. "ಎಡಗಡೆ ಒಂದು ಕಲ್ಲಿನ ಸಂದು ಸರಿಯಾಗಿ ಕೂಡಿರಲಿಲ್ಲ, ಆಗ ತಿದ್ದೋಕೆ ಸಮಯ ಸಿಕ್ಕಿರಲಿಲ್ಲ. ಇಷ್ಟು ಜನ ಬಂದಿದ್ದಾರೆ, ಯಾರಾದ್ರೂ ನೋಡಿಬಿಟ್ರೆ ಅಂತ ಒಬ್ಬೊಬ್ಬರನ್ನೇ ಹುಡುಕಿ ನೋಡಿದೆ. ಎಲ್ಲರೂ ಕತ್ತೆತ್ತಿ ಮೇಲೇ ನೋಡ್ತಿದ್ರು. ಒಬ್ಬರೂ ಗೋಡೆ ಕಡೆ ನೋಡಲಿಲ್ಲ."

ಫೋನನ್ನು ಸೆರಗಿನಲ್ಲಿ ಒರೆಸಿ ಒಳಗಿಟ್ಟುಕೊಳ್ಳುತ್ತಾರೆ.

"ಅಂದ್ರೆ ಗೋಡೆ ಗಟ್ಟಿ ಇತ್ತು ಅಂತ ತಾನೇ?"