ಒತ್ತಕ್ಷರ ಉದುರಿದ ಹಾಡುಗಳು

ಬೇರೆ ಲ್ಯಾಪ್‌ಟಾಪಿನಲ್ಲಿ ನನ್ನ ಮೊದಲ ಫೈಲು ತೆರೆದಾಗ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀಟುಗಳು ಕಲಸಿಕೊಂಡು ಕೂತಿದ್ದವು. ನನ್ನ ಕೈಯಾರೆ ಟೈಪು ಮಾಡಿದ ಕನ್ನಡ ಅದು. ಮುಚ್ಚಿ ಮತ್ತೆ ತೆರೆಯೋಣವೆಂದರೆ ಮುಚ್ಚುವ ಗುಂಡಿ ಬಲಗಡೆ ಇರಲಿಲ್ಲ, ಎಡಗಡೆ ಹೋಗಿತ್ತು. ತಮಿಳುನಾಡಿನ ಹೊಸೂರಿನಲ್ಲಿ ಮೊದಲ ಸಲ ಬಸ್ಸಿಳಿದು ಒಂದು ಬೋರ್ಡನ್ನೂ ಓದಲಾಗದೆ ನಿಂತ ಸಂಜೆ ನೆನಪಾಯಿತು. ಅಂದು ಪಕ್ಕದಲ್ಲಿ ಗಂಡನಾದರೂ ಇದ್ದರು. ಇಂದು ಅವರು ಮೂಕಂಡಪಲ್ಲಿಯ ಕಾರ್ಖಾನೆಗೆ ಪಾಳಿಗೆ ಹೋಗಿದ್ದರು.

ನಾನು ಗದಗ ಕಡೆಯವಳು. ಮದುವೆಗೆ ಮುಂಚೆ ಊರಿನ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ, ಕರಪತ್ರ ಟೈಪು ಮಾಡುತ್ತಿದ್ದೆ. ಇಲ್ಲಿಗೆ ಹೊರಟಾಗ ಮಾಲೀಕರು ಪ್ರೆಸ್ಸಿನ ಕನ್ನಡ ತಂತ್ರಾಂಶವನ್ನು ನನ್ನ ಲ್ಯಾಪ್‌ಟಾಪಿಗೂ ಹಾಕಿಕೊಟ್ಟು, “ಅಲ್ಲಿ ಹೋಗಿ ಕನ್ನಡ ಮರತಿ ಮತ್ತ” ಎಂದು ನಕ್ಕಿದ್ದರು.

ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ಬಾಡಿಗೆಗೆ ಮನೆ ಸಿಕ್ಕಿತು. ಅಂಗಡಿಯಲ್ಲಿ ತಮಿಳು, ಹಾಲು ತರುವವಳದು ತೆಲುಗು. ಬಿಳಿಜೋಳದ ಹಿಟ್ಟಿಗಾಗಿ ಅಲೆದು ಸಾಕಾಗಿ ರಾಗಿಗೆ ಒಗ್ಗಿಕೊಂಡೆ. ‘ಎವ್ವಳವು’ ಎಂದರೆ ‘ಎಷ್ಟು’ ಎಂದು ಕಲಿತು, ಒಬ್ಬಳೇ ಹೋಗಿ ತರಕಾರಿ ತಂದ ದಿನ ಏನೋ ಗೆದ್ದಂತೆ ಅನಿಸಿತ್ತು. ಆದರೂ ಮಧ್ಯಾಹ್ನಗಳು ಸರಿಯುತ್ತಿರಲಿಲ್ಲ.

ಆ ಮಧ್ಯಾಹ್ನಗಳಲ್ಲಿ ನನಗೆ ಸಿಕ್ಕಿದವರು ಮುನಿಯಮ್ಮ, ಮನೆ ಮಾಲೀಕರ ತಾಯಿ. ಅಲ್ಲೇ ಹತ್ತಿರದ ಉದ್ದನಪಲ್ಲಿಯಲ್ಲಿ ಹುಟ್ಟಿ ಬೆಳೆದವರು, ತಲೆಮಾರುಗಳಿಂದ ಕನ್ನಡದವರು. ಒಂದು ದಿನ ಬಾಗಿಲಲ್ಲಿ ನಿಂತು, “ಒಬ್ಳೇ ಒಳ್ಗೆ ಏನ್ ಮಾಡ್ತೀಯಮ್ಮಿ, ಬಾ ಇಲ್ಲಿ, ಅವರೆಕಾಯ್ ಸುಲಿಯಾನ” ಎಂದು ಕರೆದರು. ಸುಲಿಯುತ್ತ ಹಾಡಿದರು. ನಮ್ಮಲ್ಲಿ ಕಣದಲ್ಲಿ ಎತ್ತುಗಳಿಂದ ತೆನೆ ತುಳಿಸುತ್ತ ಹಂತಿ ಹೊಡೆಯುವಾಗ ಹಾಡುತ್ತಿದ್ದ ಹಾಗೆ, ಇವರದು ರಾಗಿ ಹೊಲದಲ್ಲಿ ಕಳೆ ಕೀಳುವಾಗಿನ ಹಾಡು. ಧಾಟಿ ಬೇರೆ, ಮಾತು ಬೇರೆ. ಆದರೂ ನಾನು ಆ ಊರಿಗೆ ಬಂದ ಮೇಲೆ ನನ್ನದೆನಿಸಿದ ಮೊದಲ ದನಿ ಅದು.

ರೆಕಾರ್ಡು ಮಾಡಿಕೊಳ್ಳಲು ಮೊಬೈಲು ತೆಗೆದರೆ ಅವರು ಕೈ ಅಡ್ಡ ಹಿಡಿದರು. “ಅದನ್ನ ಮುಂದಿಟ್ರೆ ಬಾಯೇ ಬರಾಕಿಲ್ಲ ಕಣಮ್ಮಿ. ನೀನ್ ಬರ್ಕೋ, ನಾನ್ ಹೇಳ್ತೀನಿ.”

ಹಾಗಾಗಿ ಲ್ಯಾಪ್‌ಟಾಪನ್ನೇ ಜಗಲಿಗೆ ತಂದೆ. ಅವರು ಹೇಳಿದಂತೆ, ಅವರ ಉಚ್ಚಾರದಲ್ಲೇ ಟೈಪು ಮಾಡಿದೆ. ಗೊತ್ತಾಗದ ಪದಕ್ಕೆ ಅವರೇ ಅರ್ಥ ಹೇಳುತ್ತಿದ್ದರು. ಹಬ್ಬಕ್ಕೆ ಊರಿಗೆ ಹೋದಾಗ ನನ್ನ ಬಾಯಲ್ಲಿ ‘ಬತ್ತೀನಿ’ ಬಂದು, ತಂಗಿ, “ಅಲ್ಲಿಯವರಂಗ ಆಗಿಯಲ್ಲ ಅಕ್ಕಾ” ಎಂದಳು. ಬೇಸರವಾಗಲಿಲ್ಲ.

ಮುಂದಿನ ಮಳೆಗಾಲದಲ್ಲಿ ಮುನಿಯಮ್ಮನವರಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಬಂದ ಮೇಲೆ ಮಾತು ನಿಧಾನಕ್ಕೆ ಮರಳಿತು, ಹಾಡುಗಳು ಮರಳಲಿಲ್ಲ. ಹಾಡಿ ಎಂದರೆ, “ಯಾವ್ ಹಾಡಮ್ಮಿ?” ಎನ್ನುತ್ತಿದ್ದರು. ನನ್ನ ಹತ್ತಿರ ಇವೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅಷ್ಟರಲ್ಲಿ ಲ್ಯಾಪ್‌ಟಾಪು ಕೆಟ್ಟಿತು. ರಿಪೇರಿಯವರು ಒಳಗಿನ ಬೋರ್ಡು ಸುಟ್ಟುಹೋಗಿದೆ ಎಂದು ಹೇಳಿ, ಫೈಲುಗಳನ್ನು ಮಾತ್ರ ಪೆನ್‌ಡ್ರೈವಿಗೆ ಇಳಿಸಿಕೊಟ್ಟರು.

ಕಾರ್ಖಾನೆಯವರು ತಾವು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳನ್ನು ಕೆಲಸಗಾರರಿಗೆ ಕೊಡುತ್ತಿದ್ದರು. ಗಂಡ ಒಂದನ್ನು ತಂದರು. ಅದರಲ್ಲಿ ಇದ್ದದ್ದು ಲಿನಕ್ಸ್, ನಾನು ಬಳಸಿದ್ದಕ್ಕಿಂತ ಬೇರೆಯೇ ವ್ಯವಸ್ಥೆ. ಪ್ರೆಸ್ಸಿನ ತಂತ್ರಾಂಶ ಕೆಟ್ಟ ಲ್ಯಾಪ್‌ಟಾಪಿನಲ್ಲೇ ಉಳಿದುಹೋಗಿತ್ತು. ಕನ್ನಡ ಬರೆಯಬಹುದಿತ್ತು, ಆದರೆ ಕೀಲಿಗಳ ಜಾಗವೇ ಬೇರೆ. ಒಂದು ಮಧ್ಯಾಹ್ನವೆಲ್ಲ ಕೂತು ನನ್ನ ಹೆಸರು ಬರೆದೆ, ಸರಿಯಾಗಿ ಬಂತು. ಹಾಡುಗಳು ಮಾತ್ರ ಆ ಕಲಸಿದ ಅಕ್ಷರಗಳಾಗಿಯೇ ಉಳಿದವು.

ಊರಿನ ಪ್ರೆಸ್ಸಿಗೆ ಫೋನು ಮಾಡಿದೆ. “ಪ್ರೆಸ್ ಮುಚ್ಚಿ ಭಾಳ ದಿವಸ ಆತವ್ವ. ಕಂಪ್ಯೂಟರ್ ಎಲ್ಲಾ ಗುಜರಿಗೆ ಹಾಕೀನಿ” ಎಂದರು ಮಾಲೀಕರು. ಆ ತಂತ್ರಾಂಶವನ್ನು ಈಗ ಯಾರೂ ಮಾರುವುದಿಲ್ಲವಂತೆ. ಹೊಸೂರು ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವರು ಪರದೆ ನೋಡಿ, “ಇದು ಎನ್ನ ಭಾಷೈ ಮ್ಯಾಡಂ?” ಎಂದರು, ಇದು ಯಾವ ಭಾಷೆ ಎಂದು. ಕನ್ನಡ ಎಂದೆ. ನಂಬಿದಂತೆ ಕಾಣಲಿಲ್ಲ. ಆದರೂ ತಾಳ್ಮೆಯಿಂದ ಹುಡುಕಿ, ಹಳೆಯ ಅಕ್ಷರವನ್ನು ಹೊಸದಕ್ಕೆ ಬದಲಾಯಿಸುವ ದಾರಿಯೊಂದನ್ನು ತೋರಿಸಿದರು.

ಅಕ್ಷರಗಳು ಕನ್ನಡವಾದವು. ಆದರೆ ಒತ್ತಕ್ಷರಗಳೆಲ್ಲ ಉದುರಿದ್ದವು, ನಡುವೆ ಎಷ್ಟೋ ಪದಗಳೇ ಇರಲಿಲ್ಲ. ಅವ್ವ ‘ಅವ’ ಆಗಿದ್ದಳು. ಬೆಲ್ಲ ‘ಬೆಲ’, ಕಣ್ಣು ‘ಕಣು’. ಇವನ್ನು ತಿದ್ದಬಹುದು. ಆದರೆ ‘ಮಲೆ ಹೂವ’ ಎಂದಿದ್ದಲ್ಲಿ ಅದು ಮಲೆಯ ಹೂವೋ ಮಲ್ಲೆಯ ಹೂವೋ? ‘ಬಳಿ’ ಎಂದಿದ್ದಲ್ಲಿ ಬಳ್ಳಿಯೋ, ಹತ್ತಿರವೋ? ಗದಗಿನ ನನಗೆ ಊಹಿಸುವ ಹಕ್ಕೂ ಇರಲಿಲ್ಲ, ಬಲವೂ ಇರಲಿಲ್ಲ.

ಮುನಿಯಮ್ಮನವರ ಮಗನನ್ನು ಕೇಳಿದೆ. ಅವರು ಪರದೆ ನೋಡಿ ಹೇಳಿದರು: “ನಂಗೆ ಕನ್ನಡ ಮಾತಾಡಾಕ್ ಬತ್ತದಕ್ಕಾ, ಓದಾಕ್ ಬರಾಕಿಲ್ಲ. ನಾನ್ ಓದಿದ್ದು ತಮಿಳ್ ಇಸ್ಕೂಲು. ನನ್ ಮಗ್ಳೂ ಅಷ್ಟೇ. ಸರಿಯಾಗಿ ಬಂದ್ರೂ ಈ ಮನೇಲಿ ಓದೋರ್ಯಾರು, ಬಿಡಿ.” ಆ ಮಾತಿನಲ್ಲಿ ಕೋಪವಿರಲಿಲ್ಲ.

ಉಳಿದದ್ದು ಒಂದೇ ದಾರಿ. ಮುನಿಯಮ್ಮನವರ ಮಂಚದ ಪಕ್ಕ ಕೂತು, ಊಹಿಸಿ ತಿದ್ದಿದಷ್ಟನ್ನು ಓದಿದೆ. ಒಂದು ಪದವಾದರೂ ಅವರ ಬಾಯಿಂದ ತಾನಾಗಿ ಬಂದೀತೆಂದು ಪ್ರತಿ ಸಾಲಿಗೂ ನಿಲ್ಲಿಸಿದೆ.

“ಮಲ್ಲೆ ಹೂವ ಮುಡ್ದೋಳೆ, ಮೆಲ್ಲಾಗೆ ನಡಿಯವ್ವ...”

ಅವರು ಕಣ್ಣು ಮುಚ್ಚಿ ಕೇಳಿದರು. ಸರಿಯಿದ್ದ ಕೈಯ ಬೆರಳುಗಳು ಹೊದಿಕೆಯ ಮೇಲೆ ಆಡಿದವು. ನನಗೆ ಆಸೆ ಹುಟ್ಟಿತು.

“ಚೆಂದಾಗೈತೆ ಕಣಮ್ಮಿ,” ಎಂದರು ತಡೆತಡೆದು. “ನಿಮ್ಮೂರ್ ಕಡೇದಾ?”

ನಿಮ್ಮದೇ ಎನ್ನಲು ಬಾಯಿ ತೆರೆದೆ. ಅವರ ಮುಖದಲ್ಲಿ ಹೊಸ ಹಾಡು ಕೇಳಿದ ಸಂತೋಷವಿತ್ತು.

“ಹೌದಜ್ಜಿ,” ಎಂದೆ. “ನಮ್ಮೂರಿಂದು.”

“ಮುಂದ್ಕೆ ಹೇಳು.”

ಮುಂದಿನ ಸಾಲಿನಲ್ಲಿ ಒಂದು ಪದವೇ ಇರಲಿಲ್ಲ. ಅಲ್ಲಿ ಏನಿತ್ತೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಕೊನೆಗೆ ನನ್ನೂರಿನ ಪದವೊಂದನ್ನು ಸೇರಿಸಿ ಓದಿದೆ. ಅವರಿಗೆ ಗೊತ್ತಾಗಲಿಲ್ಲ.